ಹೈದರಾಬಾದಿನಲ್ಲಿ ಎರಡು ಲೆಗ್ ಬೈ

ಮೊಮ್ಮಕ್ಕಳೇ, ನಿಮ್ಮ ಅತ್ತೆ ಸುಮಿತ್ರಾ ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ. "ಅವ್ವ ಹೈದರಾಬಾದಿಗೆ ಬಂದು ಪಾಕಿಸ್ತಾನ ಗೆಲ್ಲಿಸಿ ಹೋದ್ಳು" ಎಂದು ಅವಳು ನಕ್ಕಳು, ನೀವೂ ನಕ್ಕಿರಿ. ನನಗೆ ನಗು ಬರಲಿಲ್ಲ. ಬಾಯಿಂದ ಹೇಳಲು ಹೋದರೆ ನನಗೆ ಮಾತು ಗಂಟಲಲ್ಲೇ ನಿಲ್ಲುತ್ತದೆ, ಅದು ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ಇಯತ್ತೆ ಕಲಿತವಳ ಬರವಣಿಗೆ ಇದು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಅಂಕಿಗಳನ್ನು ಮಾತ್ರ ಮುಟ್ಟಬೇಡಿ, ಅವು ಸರಿಯಾಗಿವೆ.

ಲಿಂಗಂಪಲ್ಲಿ

ಪರದೇಶ ಎಂದರೆ ವಿಮಾನ ಹತ್ತಿ ಹೋಗುವ ಊರು ಎಂದು ನೀವು ತಿಳಿದಿದ್ದೀರಿ. ನನಗೆ ತಾಂಡೂರು ದಾಟಿದರೆ ಪರದೇಶ. ನಿಲ್ದಾಣದ ಹಲಗೆಯ ಮೇಲಿನ ಅಕ್ಷರಗಳು ನೋಡಲು ನಮ್ಮವೇ, ತಲೆಗೆ ಮಾತ್ರ ಬೇರೆ ಪೇಟ ಸುತ್ತಿಕೊಂಡಂತೆ ಇರುತ್ತವೆ. ಓದಲು ಹೋದರೆ ಅರ್ಧ ದಾರಿಯಲ್ಲಿ ಕೈ ಕೊಡುತ್ತವೆ.

ಲಿಂಗಂಪಲ್ಲಿಯಲ್ಲಿ ಡಬ್ಬಿಯ ಮುಕ್ಕಾಲು ಜನ ಎದ್ದು ಇಳಿದರು. ಊರು ಬಂತೆಂದು ನಾನೂ ರೊಟ್ಟಿಯ ಗಂಟು ಎತ್ತಿಕೊಂಡು ಇಳಿದೆ. ಪಕ್ಕದಲ್ಲಿದ್ದ ಹೆಂಗಸನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನಾಚಿಕೆ. ರೈಲು ಹೊರಟ ಮೇಲೆ ಫೋನು ಬಂತು: ನಿಮ್ಮ ಮಾವ ಪ್ರಕಾಶ ಸಿಕಂದರಾಬಾದಿನಲ್ಲಿ ಕಾಯುತ್ತಾ ನಿಂತಿದ್ದಾನೆ! ಅವನು ಇಡೀ ಪಟ್ಟಣ ಹಾದು ಬರುವವರೆಗೆ ನಾನು ಕಲ್ಲಿನ ಬೆಂಚಿನ ಮೇಲೆ ಕುಳಿತೇ ಇದ್ದೆ.

"ಅತ್ತೀ, ಬಾಯಿ ಐತಲ್ಲ, ಒಂದ್ ಮಾತ್ ಕೇಳಿದ್ರ ಆಗ್ತಿರ್ಲಿಲ್ಲೇನ್ರಿ?" ಎಂದ. ಸರಿಯಾಗಿಯೇ ಕೇಳಿದ.

ಹಿಂದಿರುಗುವಾಗ ಮಾದಾಪುರದ ಹತ್ತಿರ ಕಾರು ನಿಂತಲ್ಲೇ ನಿಂತಿತು. ಸುತ್ತ ಗಾಜಿನ ಕಟ್ಟಡಗಳು; ಒಂದರ ಮೈಯಲ್ಲಿ ಇನ್ನೊಂದು ಕಾಣುತ್ತದೆ, ಒಳಗಿನ ಮನುಷ್ಯರು ಕಾಣುವುದಿಲ್ಲ. ಒಬ್ಬ ಸ್ಕೂಟರಿನವನು ನಮ್ಮ ಕಾರಿಗೆ ಉದ್ದಕ್ಕೆ ಗೀರು ಎಳೆದು, ತಿರುಗಿ ನೋಡಿ, "ಲೈಟ್ ತೀಸ್ಕೋ ಅನ್ನಾ" ಎಂದು ಹೋದ. ಹಗುರವಾಗಿ ತೆಗೆದುಕೋ, ಬಿಟ್ಟುಬಿಡು ಎಂದು ಅದರ ಅರ್ಥವಂತೆ. ಈ ಊರಿನವರು ಹಾಲು ಒಡೆದರೂ ಹೀಗೆ ಹೇಳುತ್ತಾರೆ, ಕಾಲು ತುಳಿದರೂ ಹೀಗೆ ಹೇಳುತ್ತಾರೆ. ಮೊದಲ ದಿನ ನನಗೆ ಇದು ಚಂದ ಅನ್ನಿಸಿತ್ತು. ನಮ್ಮೂರಲ್ಲಾಗಿದ್ದರೆ ಆ ಗೀರಿಗೆ ಪಂಚಾಯಿತಿ ಸೇರುತ್ತಿತ್ತು.

ಶನಿವಾರದ ಚಹಾ

ನಿಮ್ಮ ಮಾವ ಇರುವುದು ಒಂದು ಸರ್ಕಾರಿ ಕಾರ್ಖಾನೆಯ ಕಾಲನಿಯಲ್ಲಿ. ಅರ್ಧಕ್ಕರ್ಧ ನಮ್ಮ ಕಡೆಯ ಸಂಸಾರಗಳು. ಬಾಗಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಗೇಟು ದಾಟಿದರೆ ಹಿಂದಿ. ಶನಿವಾರ ಸಂಜೆ ಕಾಲನಿಯ ಕ್ರಿಕೆಟ್ ಕಮಿಟಿಯ ಸೆಕ್ರೆಟರಿ ಪಾಟೀಲರು ಚಹಾಕ್ಕೆ ಬಂದರು. ಮರುದಿನ ಕಾಲನಿಯ ಟೂರ್ನಿಯ ಫೈನಲ್ ಇತ್ತು.

ಇಬ್ಬರೂ ಕುಳಿತವರು ಏಳಲೇ ಇಲ್ಲ. ನಮ್ಮ ದೇಶಕ್ಕೆ ನಿಜವಾದ ಎದುರಾಳಿ ಯಾರು ಎಂಬುದು ಅವರ ವಾದ.

"ಪಾಕಿಸ್ತಾನದ್ ಕಥೀ ಮುಗೀತ್ರಿ ಪಾಟೀಲ್ರ. ಈಗ ಏನಿದ್ರೂ ಆಸ್ಟ್ರೇಲಿಯಾ," ಎಂದ ಪ್ರಕಾಶ.

"ಹುಚ್ಚಪ್ಪಾ, ಆಸ್ಟ್ರೇಲಿಯಾ ಮ್ಯಾಲ ಸೋತ್ರ ಬ್ಯಾಸರ ಆಕ್ಕೈತಿ. ಪಾಕಿಸ್ತಾನದ್ ಮ್ಯಾಲ ಸೋತ್ರ ಊಟ ಹೋಗೂದಿಲ್ಲ. ರೈವಲ್ರಿ ಅಂದ್ರ ಹೊಟ್ಟಿಗೆ ಗೊತ್ತಾಗಬೇಕು."

"ಹಂಗಾದ್ರ ಇಂಗ್ಲೆಂಡ್ ಆಸ್ಟ್ರೇಲಿಯಾದ್ದು? ಅವ್ರು ಆಶಸ್ ಅಂತ ಒಂದ್ ಹಿಡಿ ಬೂದಿ ಸಲುವಾಗಿ ನೂರ್ ವರ್ಷಕ್ಕಿಂತ ಹೆಚ್ಚಿಗಿ ಬಡದಾಡಾಕತ್ತಾರ."

"ಅದು ಅಪ್ಪ ಮಗನ ಜಗಳ. ನಮ್ದು ಅಣ್ತಮ್ಮರ ಪಾಲಿನ ಜಗಳ. ಅದು ಹೆಚ್ಚಿಗಿ ಉರೀತೈತಿ."

ಆಮೇಲೆ ಮಾತು ಶಬ್ದಗಳ ಮೇಲೆ ಹೋಯಿತು. ಈಗ ಬ್ಯಾಟ್ಸ್‌ಮನ್ ಅನ್ನಬಾರದಂತೆ, ಬ್ಯಾಟರ್ ಅನ್ನಬೇಕಂತೆ. ಹೆಣ್ಣುಮಕ್ಕಳೂ ಆಡುತ್ತಾರಲ್ಲ, ಅವರಿಗೆ ಮರ್ಯಾದೆ ಕೊಡಬೇಕು ಎಂದು ಪಾಟೀಲರು ಭಾಷಣ ಮಾಡಿದರು. ಅಷ್ಟು ಹೊತ್ತಿಗೆ ನಿಮ್ಮ ಅತ್ತೆ ಮೂರನೇ ಸಲ ಚಹಾ ತಂದಳು. ಲೋಟ ತೆಗೆದುಕೊಂಡವರು ಅವಳ ಮುಖ ನೋಡಲಿಲ್ಲ.

ಈ ಟೂರ್ನಿಗೆ ಒಂದು ಪದ್ಧತಿ ಇದೆ. ಆರು ತಂಡಗಳಿಗೂ ಒಂದೊಂದು ದೇಶದ ಹೆಸರು. ಗೆದ್ದವರು ಮುಂದಿನ ವರ್ಷ ತಮಗೆ ಬೇಕಾದ ಹೆಸರನ್ನು ಎಲ್ಲರಿಗಿಂತ ಮೊದಲು ಆರಿಸಿಕೊಳ್ಳುತ್ತಾರೆ. ಪ್ರಕಾಶನ ಬ್ಲಾಕಿನವರು ನಾಲ್ಕು ವರ್ಷದಿಂದ ಗೆಲ್ಲುತ್ತಿದ್ದಾರೆ, ನಾಲ್ಕು ವರ್ಷದಿಂದ ಅವರೇ ಇಂಡಿಯಾ. ಪಾಕಿಸ್ತಾನದ ಹೆಸರು ಯಾರಿಗೂ ಬೇಡ.

"ಮತ್ತ ಅದನ್ನ ಬಿಟ್ಟಬಿಡ್ರಲ್ಲ" ಎಂದಳು ಸುಮಿತ್ರಾ.

"ಪಾಕಿಸ್ತಾನ ಇಲ್ದಿದ್ರ ನೋಡಾಕ ಯಾರ್ ಬರ್ತಾರವ್ವಾ?" ಎಂದರು ಪಾಟೀಲರು. "ಹೋದ ವರ್ಷ ಕ್ಯಾಂಟೀನಿನವರಿಗೆ ಕೊಟ್ಟಿದ್ವಿ. ಅದರ ಹಿಂದಿನ ವರ್ಷ ಗೇಟಿನ ವಾಚಮನ್‌ಗಳಿಗೆ. ಈ ಸಲ ಹೊಸಾ ಕ್ವಾರ್ಟರ್ಸ್ ಕಟ್ಟಾಕ ಬಂದಾರಲ್ಲ, ಯಾದಗಿರಿ ಕಡೀ ಮಂದಿ, ಅವರಿಗೆ ಹಚ್ಚೇವಿ. ಹಸರ್ ಅಂಗೀನೂ ನಾವ ಹೊಲಿಸಿ ಕೊಟ್ಟೇವಿ. ಆದ್ರ ನೋಡ್ರಿ, ಕಳ್ಳರು ಫೈನಲ್ ತನಕ ಬಂದ್ಬಿಟ್ಟಾರ."

ಇಬ್ಬರೂ ನಕ್ಕರು. ಸ್ಕೋರು ಬರೆಯುವವನು ಮದುವೆಗೆ ಹೋಗಿದ್ದ, ನಾಳೆ ಯಾರನ್ನು ಕೂರಿಸುವುದು ಎಂದು ಚಿಂತೆ ಮಾಡಿದರು. ಆಗ ಸುಮಿತ್ರಾ ನನ್ನ ಕಡೆ ಕೈ ತೋರಿಸಿಬಿಟ್ಟಳು.

ಇದು ನಿಮಗೆ ಗೊತ್ತಿಲ್ಲ. ನಿಮ್ಮ ಅಜ್ಜ ಶಾಲೆಯ ಮಾಸ್ತರರಾಗಿದ್ದಾಗ ಊರಿನ ತಂಡ ನಡೆಸುತ್ತಿದ್ದರು. ಬರೆಯಲು ಕೂತ ಗಂಡಸರೆಲ್ಲ ತಮ್ಮ ಓಣಿಯವರಿಗೆ ಒಂದೆರಡು ರನ್ ಸೇರಿಸುತ್ತಿದ್ದರು. "ಅಕ್ಷರ ಚಂದ ಇರಬೇಕು, ಯಾರ ಕೂಡಾನೂ ಮಾತಾಡಬಾರದು, ಅಂಥಾವ್ರು ಬೇಕು. ನೀನ ಇದ್ದಿಯಲ್ಲ" ಎಂದರು. ಹನ್ನೊಂದು ವರ್ಷ ಬರೆದೆ. ಮೈದಾನದಲ್ಲಿ ಹೆಂಗಸು ಕೂರುವ ಹಾಗಿರಲಿಲ್ಲ. ಶಾಲೆಯ ಕೋಣೆಯೊಳಗೆ, ಕಿಟಕಿಯ ಸರಳಿನ ಹಿಂದೆ ಕುಳಿತು ಬರೆದೆ. ಅಂಪೈರ್ ಸನ್ನೆ ಮಾಡಿದರೆ ಸರಳಿನ ಹೊರಗೆ ಕೈ ಚಾಚಿ ಎತ್ತುತ್ತಿದ್ದೆ. ಬಂತು, ಬರೆದುಕೊಂಡೆ ಎಂದು. ಊರಿನವರು ಎಷ್ಟೋ ವರ್ಷ ಆ ಕೈಯನ್ನು ನೋಡಿದ್ದರು, ಮುಖ ನೋಡಿರಲಿಲ್ಲ.

ಭಾನುವಾರ, ಮೈದಾನ

ಶಾಮಿಯಾನದ ಕೆಳಗೆ ಮೇಜು, ಕುರ್ಚಿ. ನಾನು ಸೆರಗನ್ನು ಎರಡೂ ಭುಜಕ್ಕೆ ಹೊದ್ದು ಕುಳಿತೆ. ಪಕ್ಕದಲ್ಲಿ ದೊಡ್ಡ ಕರಿ ಬೋರ್ಡು. ಅದರ ಮೇಲೆ ತಗಡಿನ ಅಂಕಿಗಳನ್ನು ನೇತುಹಾಕುವ ಕೆಲಸ ಪ್ರಕಾಶನದು. ಅಂಪೈರ್ ನರಸಿಂಗರಾವ್ ಎಂಬ ತೆಲುಗಿನವರು, ನಿವೃತ್ತರು, ಬಿಳಿ ಟೋಪಿ. ನನಗೆ ಕೈ ಮುಗಿದರು. ಆ ಊರಿನಲ್ಲಿ ನನಗೆ ಮೊದಲು ಕೈ ಮುಗಿದವರು ಅವರೇ.

ಸ್ಕೋರು ಪುಸ್ತಕ ಹಳೆಯದು. ಹಿಂದಿನ ಹಾಳೆಗಳನ್ನು ತಿರುವಿದೆ. ಪ್ರತಿ ವರ್ಷದ ಫೈನಲ್ ಹಾಳೆಯ ಕೆಳಗೆ ಒಂದು ಸಾಲು: "ವಿಜೇತರು ಮುಂದಿನ ವರ್ಷಕ್ಕೆ ಆರಿಸಿದ ಹೆಸರು: ಇಂಡಿಯಾ." ಅದರ ಕೆಳಗೆ ಕ್ಯಾಪ್ಟನ್ ಸಹಿ, ಅಂಪೈರ್ ಸಹಿ. ನಾಲ್ಕು ಹಾಳೆ, ನಾಲ್ಕು ಸಾಲು, ಒಂದೇ ಹೆಸರು.

ಹಸಿರು ಅಂಗಿಯ ಕ್ಯಾಪ್ಟನ್ ಹನ್ನೊಂದು ಹೆಸರಿನ ಚೀಟಿ ತಂದ. ಭೀಮರಾಯ, ಗೋಡೆ ಕಟ್ಟುವ ಗೌಂಡಿ, ಸುರಪುರದ ಕಡೆಯವನು. ಉಗುರಿನ ಸುತ್ತ ಸಿಮೆಂಟು ಕಟ್ಟಿತ್ತು.

"ಅವ್ವಾರ, ನಮ್ ಕಡೀ ಮಾತ್ ಆಡ್ತೀರಲ್ಲ. ಯಾವೂರ್ರಿ?"

ಹೇಳಿದೆ. ಅವನಿಗೆ ಸಮಾಧಾನವಾಯಿತು.

"ನಮ್ಮಪ್ಪ ಹನುಮಪ್ಪನ ಗುಡಿ ಪೂಜಾರಿ. ನಾ ನೋಡಿದ್ರ ಇಲ್ಲಿ ಪಾಕಿಸ್ತಾನದ ಕ್ಯಾಪ್ಟನ್." ನಕ್ಕ. ಆಮೇಲೆ ನಗು ನಿಲ್ಲಿಸಿದ. "ಮಗಳು ಹಾಸ್ಟೆಲ್ಲಿನ್ಯಾಗ ಓದ್ತಾಳ್ರಿ. ಆಡೂ ಫೋಟೋ ಕಳಸಪ್ಪಾ ಅಂತಾಳ. ಬೆನ್ನ ಮ್ಯಾಲ ಈ ಹೆಸರ್ ಬರಕೊಂಡು ಹೆಂಗ ಕಳಸ್ಲಿ? ಗೆದ್ದಾವ್ರು ಹೆಸರ್ ಆರಸಬಹುದಂತಲ್ಲ. ನಮಗ ಕಪ್ ಬ್ಯಾಡ್ರಿ, ಹೆಸರಿನ ಸಲುವಾಗಿ ಆಡಾಕತ್ತೀವಿ."

ಅವನು ಮೈದಾನಕ್ಕೆ ಇಳಿಯುತ್ತಲೇ ಶಾಮಿಯಾನದಿಂದ ಕೂಗು ಎದ್ದಿತು. ಪಾಕಿಸ್ತಾನ್ ಹಾಯ್ ಹಾಯ್. ಓದಿದವರು, ಸರ್ಕಾರಿ ಸಂಬಳದವರು, ತಮಗಾಗಿ ಗೋಡೆ ಕಟ್ಟುತ್ತಿರುವವರನ್ನು ನೋಡಿ ಗಂಟಲು ಹರಿಯುವಂತೆ ಕೂಗಿದರು. ಒಬ್ಬ ತೆಲುಗಿನಲ್ಲಿ "ವೀಸಾ ಉಂದಾ?" ಎಂದ. ವೀಸಾ ಇದೆಯಾ ಎಂದು. ಜನ ಬಿದ್ದು ಬಿದ್ದು ನಕ್ಕರು. ನಾನು ಪೆನ್ನಿನ ಟೋಪಿ ತೆಗೆದೆ.

ಏಳನೇ ಓವರ್

ಹತ್ತು ಓವರಿನ ಆಟ. ಇಂಡಿಯಾ ಎಂಬತ್ತನಾಲ್ಕು ಮಾಡಿತು. ಹಸಿರು ಅಂಗಿಯವರಿಗೆ ಎಂಬತ್ತೈದು ಬೇಕು.

ಏಳನೇ ಓವರಿನ ನಾಲ್ಕನೇ ಚೆಂಡು. ಭೀಮರಾಯ ಹೊಡೆಯಲು ಹೋದ, ತಪ್ಪಿತು, ಚೆಂಡು ಕಾಲಿಗೆ ಬಡಿದು ಹಿಂದಕ್ಕೆ ಉರುಳಿತು. ಎರಡು ಓಡಿದರು. ನರಸಿಂಗರಾವ್ ನನ್ನ ಕಡೆ ತಿರುಗಿ ಮೊಣಕಾಲು ಎತ್ತಿ ಕೈಯಿಂದ ತಟ್ಟಿದರು. ಲೆಗ್ ಬೈ. ಅಂದರೆ ಆ ರನ್ನು ಹೊಡೆದವನ ಹೆಸರಿಗೆ ಬರುವುದಿಲ್ಲ, ತಂಡದ ಲೆಕ್ಕಕ್ಕೆ ಬರುತ್ತದೆ. ನಾನು ಕೈ ಎತ್ತಿದೆ. ತಲೆಕೆಳಗಾದ ತ್ರಿಕೋನ ಬರೆದು ಒಳಗೆ ಎರಡು ಎಂದು ಬರೆದೆ.

ಬೋರ್ಡು ಅಲುಗಲಿಲ್ಲ. ಪ್ರಕಾಶ ಆ ಕಡೆ ಬೆನ್ನು ಹಾಕಿ ನಿಂತಿದ್ದ. ಆಸ್ಟ್ರೇಲಿಯಾವೋ ಪಾಕಿಸ್ತಾನವೋ ಎಂಬ ಶನಿವಾರದ ವಾದವನ್ನು ಪಾಟೀಲರೊಂದಿಗೆ ಮುಂದುವರಿಸಿದ್ದ.

"ಪ್ರಕಾಶಪ್ಪ, ಎರಡು ಹಾಕಬೇಕು" ಎಂದೆ. ನನ್ನ ಧ್ವನಿ ನನಗೇ ಕೇಳಿಸಿರಲಿಕ್ಕಿಲ್ಲ. ಇನ್ನೊಮ್ಮೆ ಹೇಳಿದೆ.

"ಬ್ಯಾಟಿಗೆ ಹತ್ತಿಲ್ರಿ ಅತ್ತೀ. ಶಾಟ್ ಆಡದೇ ಕಾಲ್ ಕೊಟ್ಟಾನ. ಡೆಡ್ ಬಾಲ್ ಅದು. ನೀವ್ ಸುಮ್ನ ಬರೀರಿ."

ಹೊಡೆಯಲು ಹೋಗದೆ ಬರೀ ಕಾಲು ಒಡ್ಡಿದರೆ ಆ ರನ್ ಸಲ್ಲುವುದಿಲ್ಲ, ಅದು ನಿಜ. ಆದರೆ ಹೊಡೆಯಲು ಹೋದನೋ ಇಲ್ಲವೋ ಎಂದು ಹೇಳುವವರು ಅಂಪೈರ್. ಅವರು ಮೊಣಕಾಲು ತಟ್ಟಿದ್ದಾರೆ. ಇವನು ನೋಡಿಯೇ ಇಲ್ಲ!

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ನಮ್ಮೂರಿನಲ್ಲಿ ಓವರ್ ಮುಗಿದ ಮೇಲೆ ಬೋರ್ಡಿನವನು ಕಿಟಕಿಯ ಹತ್ತಿರ ಬಂದು ಪುಸ್ತಕ ನೋಡಿ ಅಂಕಿ ಸರಿಮಾಡಿಕೊಳ್ಳುತ್ತಿದ್ದ. ಇಲ್ಲಿಯೂ ಬರುತ್ತಾನೆ ಎಂದು ಕಾದೆ. ಎಂಟನೇ ಓವರಿಗೆ ಬರಲಿಲ್ಲ, ಒಂಬತ್ತಕ್ಕೂ ಬರಲಿಲ್ಲ. ಎದ್ದು ಹೋಗಿ ಅಂಪೈರಿಗೆ ಹೇಳಬೇಕಿತ್ತು. ಅಷ್ಟು ಜನರ ಮುಂದೆ ಮೈದಾನಕ್ಕೆ ಇಳಿಯುವುದೇ? ಕುರ್ಚಿಗೆ ಅಂಟಿಕೊಂಡೆ. ಆ ಹುಡುಗರು ಸುಳ್ಳು ಬೋರ್ಡು ನೋಡಿಕೊಂಡು, ಬೇಕಿಲ್ಲದ ಹೊಡೆತ ಹೊಡೆದು, ಎರಡು ವಿಕೆಟ್ ಕಳೆದುಕೊಂಡರು. ಅದರಲ್ಲಿ ನನ್ನ ಪಾಲೂ ಇದೆ.

ಕೊನೆಯ ಚೆಂಡು

ಬೋರ್ಡಿನ ಮೇಲೆ ಎಂಬತ್ತೊಂದು. ಪುಸ್ತಕದಲ್ಲಿ ಎಂಬತ್ತಮೂರು. ಒಂದು ಚೆಂಡು ಉಳಿದಿದೆ. ಬೋರ್ಡು ನೋಡಿದವರಿಗೆ ನಾಲ್ಕು ಬೇಕು. ಪುಸ್ತಕ ನೋಡಿದವಳಿಗೆ ಎರಡು ಸಾಕು.

ಭೀಮರಾಯ ಬೀಸಿ ಹೊಡೆದ. ಗೆರೆಯ ಹತ್ತಿರ ಒಬ್ಬ ಅಡ್ಡ ಬಿದ್ದು ತಡೆದ. ಎರಡು ಓಡಿದರು, ಮೂರಕ್ಕೆ ತಿರುಗುವಷ್ಟರಲ್ಲಿ ಜನ ನುಗ್ಗಿದರು. ಡೋಲು, ಪಟಾಕಿ, ಇಂಡಿಯಾ ಇಂಡಿಯಾ ಎಂಬ ಕೂಗು. ಪ್ರಕಾಶ ಎಂಬತ್ತಮೂರು ಎಂಬ ತಗಡನ್ನು ನೇತುಹಾಕಿ ಬೋರ್ಡಿಗೆ ಮುತ್ತು ಕೊಟ್ಟ. ಒಂದು ರನ್ನಿನಿಂದ ಗೆದ್ದೆವು ಎಂದು ಕುಣಿದ. ಭೀಮರಾಯ ಬ್ಯಾಟಿನ ಮೇಲೆ ಹಣೆಯಿಟ್ಟು ಕುಕ್ಕರುಗಾಲಿನಲ್ಲಿ ಕುಳಿತಿದ್ದ.

ನಾನು ಕೂಡಿ ನೋಡಿದೆ. ಮತ್ತೊಮ್ಮೆ ಕೂಡಿದೆ. ಎಂಬತ್ತೈದು.

ಆಮೇಲೆ ಎದ್ದೆ. ಹೇಗೆ ಎದ್ದೆನೋ ಗೊತ್ತಿಲ್ಲ. ಪುಸ್ತಕವನ್ನು ಎದೆಗೆ ಒತ್ತಿಕೊಂಡು ಆ ಗದ್ದಲದ ನಡುವೆ ನಡೆದೆ. ಯಾರೋ ನೂಕಿ ಹೋದರು, ಒಂದು ಚಪ್ಪಲಿ ಕಿತ್ತು ಬಿತ್ತು. ನರಸಿಂಗರಾವ್ ಅವರ ಮುಂದೆ ಹಾಳೆ ಬಿಚ್ಚಿ ತ್ರಿಕೋನದ ಮೇಲೆ ಬೆರಳಿಟ್ಟೆ. ಅವರು ನೋಡಿದರು, ಬೋರ್ಡಿನ ಕಡೆ ನೋಡಿದರು, ಎರಡೂ ಕೈ ಎತ್ತಿ ಡೋಲು ನಿಲ್ಲಿಸಿದರು.

ಕಮಿಟಿಯವರು ಸುತ್ತುವರಿದರು. ಪಾಟೀಲರು ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಶುರುಮಾಡಿದರು.

"ಅಮ್ಮಾರ, ನೀವು ಹಿರ್ಯಾರು. ಆ ತ್ರಿಕೋನದ ಮ್ಯಾಲ ಒಂದ್ ಗೆರಿ ಎಳೀರಿ. ಡೆಡ್ ಬಾಲ್ ಅಂತ ಬರೀರಿ. ಲೈಟ್ ತಗೊಳ್ರಿ."

ಆಗದು ಎಂದು ತಲೆ ಅಲ್ಲಾಡಿಸಿದೆ.

"ಪಾಕಿಸ್ತಾನ ಗೆದ್ದೈತಿ ಅಂತ ಮೈಕಿನ್ಯಾಗ ನಾ ಹೆಂಗ ಹೇಳ್ಲಿ? ಎಲ್ಲಾರೂ ಫೋನ್ ಹಿಡಕೊಂಡ್ ನಿಂತಾರ. ನಾಳಿ ನನ್ನ ಮರ್ಯಾದಿ ಏನಾಗಬೇಕು?"

ಆಗ ಬಂತು ಮಾತು. ಎಲ್ಲಿತ್ತೋ ಏನೋ.

"ಆ ಹೆಸರ್ ಇಟ್ಟಾವ್ರು ಯಾರ್ರಿ? ನಾ ಇಟ್ಟೆನೇನು? ಅವ್ರ ಇಟಕೊಂಡ್ರೇನು? ಅಂಗಿ ಹೊಲಿಸಿ ಕೊಟ್ಟಾವ್ರು ನೀವು. ಬೈಯಾಕ ಯಾರರೆ ಬೇಕಾಗಿತ್ತು, ಗೋಡೆ ಕಟ್ಟೂ ಮಂದೀನ ಹಿಡಕೊಂಡ್ ಬಂದ್ರಿ."

"ಅತ್ತೀ!" ಎಂದ ಪ್ರಕಾಶ. ಅವನ ಮುಖ ಕೆಂಪಗಾಗಿತ್ತು. "ಯಾರ ಕಡೇರಿ ನೀವು? ನಮ್ಮ ಕಡೇನೋ, ಅವರ ಕಡೇನೋ?"

"ಚೆಂಡು ಕಾಲಿಗೆ ಬಡದೈತಿ. ಎರಡು ಓಡ್ಯಾರ. ನೀ ಬೆನ್ನ ಹಾಕಿ ನಿಂತಿದ್ದಿ."

ಮುಂದೆ ಇನ್ನೇನು ಅನ್ನುತ್ತಿದ್ದೆನೋ, ನರಸಿಂಗರಾವ್ ನಡುವೆ ಬಂದರು. "ನೇನು ಮೋಕಾಲು ತಟ್ಟಾನು. ಅಮ್ಮ ಚೆಯ್ಯಿ ಎತ್ತಿಂದಿ. ಅಯಿಪೋಯಿಂದಿ." ನಾನು ಮೊಣಕಾಲು ತಟ್ಟಿದೆ, ಅಮ್ಮ ಕೈ ಎತ್ತಿದರು, ಮುಗಿಯಿತು. ಪುಸ್ತಕ ತೆಗೆದುಕೊಂಡು ಸಹಿ ಮಾಡಿಬಿಟ್ಟರು.

ಪಾಟೀಲರು ಮೈಕು ಹಿಡಿದರು. ಏನೆಂದರು ಗೊತ್ತೇ? "ಕಟ್ಟಡ ಕಾರ್ಮಿಕರ ತಂಡ ಜಯಗಳಿಸಿದೆ." ಬೆಳಗಿನಿಂದ ಬೈಯುವಾಗ ಅವರು ಪಾಕಿಸ್ತಾನ, ಗೆದ್ದ ಕೂಡಲೇ ಕಟ್ಟಡ ಕಾರ್ಮಿಕರು. ನನಗೆ ಆ ಮೈಕನ್ನು ಕಿತ್ತುಕೊಳ್ಳಬೇಕು ಅನ್ನಿಸಿತು. ಕಿತ್ತುಕೊಳ್ಳಲಿಲ್ಲ.

ಭೀಮರಾಯ ಮೇಜಿನ ಹತ್ತಿರ ಬಂದ. ಕಪ್ ತರಲು ಬೇರೆಯವರನ್ನು ಕಳಿಸಿದ್ದ.

"ಅವ್ವಾರ, ಹೆಸರು ಆರಸೂದು ಐತಲ್ರಿ. ಬರಕೋರಿ."

ಹಿಂದಿನ ನಾಲ್ಕು ಹಾಳೆಗಳಲ್ಲಿ ಇದ್ದ ಸಾಲನ್ನೇ ಬರೆದೆ. ಕೊನೆಯ ಹೆಸರನ್ನು ಅವನ ಬಾಯಿಂದ ಕೇಳಿ ಬರೆದೆ: ಇಂಡಿಯಾ. ಅವನು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದ. ಶಾಯಿ ಆರಿರಲಿಲ್ಲ, ಮೈಕು ಮತ್ತೆ ಮಾತಾಡಿತು. ಆಟದಲ್ಲಿ ದೇಶಗಳನ್ನು ತರುವುದು ಒಳ್ಳೆಯದಲ್ಲ, ಆದ್ದರಿಂದ ಮುಂದಿನ ವರ್ಷದಿಂದ ತಂಡಗಳಿಗೆ ನದಿಗಳ ಹೆಸರು ಇಡಲಾಗುವುದು ಎಂದು ಕಮಿಟಿ ತೀರ್ಮಾನಿಸಿದೆಯಂತೆ. ಯಾವಾಗ ತೀರ್ಮಾನಿಸಿದರು? ಆ ಹತ್ತು ನಿಮಿಷದಲ್ಲಿ! ಶಾಮಿಯಾನದವರು ಚಪ್ಪಾಳೆ ತಟ್ಟಿದರು. ಬೆಳಗ್ಗೆ ವೀಸಾ ಕೇಳಿದವನೂ ತಟ್ಟಿದ. ಒಳ್ಳೆಯ ವಿಚಾರ ಎಂದ.

ಸೋಮವಾರ

ಭಾನುವಾರ ರಾತ್ರಿ ಪ್ರಕಾಶ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ನಾನು ಮನೆಗೆ ತಂದಿದ್ದ ಪುಸ್ತಕದಿಂದ ಆ ಹಾಳೆ ಹರಿದು ಕೊಡಿ ಎಂದು ಪಾಟೀಲರು ಹೇಳಿಕಳಿಸಿದ್ದರಂತೆ. ಹರಿಯುವುದಾದರೆ ಅವರೇ ಬಂದು ಹರಿಯಲಿ, ನಾನು ನೋಡುತ್ತಾ ಕೂರುತ್ತೇನೆ ಎಂದೆ. ಯಾರೂ ಬರಲಿಲ್ಲ. "ಅವ್ವಾ, ನಾವು ಇವರ ನಡುವ ಬಾಳೇವು ಮಾಡಬೇಕು" ಎಂದಳು ಸುಮಿತ್ರಾ. ಅವಳ ಮಾತು ಸುಳ್ಳಲ್ಲ. ಎರಡು ವಾರಕ್ಕೆಂದು ಹೋದವಳು ಐದನೇ ದಿನಕ್ಕೆ ಚೀಲ ಕಟ್ಟಿದೆ.

ಬೆಳಗ್ಗೆ ಆಟೋ ಹೊಸ ಕ್ವಾರ್ಟರ್ಸಿನ ಮುಂದೆ ಹಾದು ಹೋಗುತ್ತಿತ್ತು. ನಿಲ್ಲಿಸಲು ಹೇಳಿದೆ, ಜೋರಾಗಿಯೇ ಹೇಳಿದೆ. ಭೀಮರಾಯ ಅಟ್ಟಣಿಗೆಯ ಮೇಲೆ ಕುಳಿತು ಗೋಡೆಗೆ ಗಾರೆ ಬಳಿದು ಗಿಲಾಯಿ ಮಾಡುತ್ತಿದ್ದ. ಬೇರೆ ಅಂಗಿ ತೊಟ್ಟಿದ್ದ.

"ಊರಿಗೆ ಹೊಂಟ್ರೇನ್ರಿ ಅವ್ವಾರ?"

"ಹೌದಪ್ಪ. ಹೆಸರು ರದ್ದು ಮಾಡಿಬಿಟ್ಟರಲ್ಲೋ. ನಾ ಏಳನೇ ಓವರಿಗೇ ಎದ್ದು ಹೇಳಬೇಕಾಗಿತ್ತು. ಮುಂದಿನ ವರ್ಷ ನೀವು ಬಿಡಬ್ಯಾಡ್ರಿ. ಪುಸ್ತಕದಾಗ ಬರದೈತಿ, ತೋರಸ್ರಿ."

ಅವನು ಕರಣಿ ಕೆಳಗಿಟ್ಟು ನನ್ನನ್ನು ನೋಡಿದ. ಚಿಕ್ಕವರಿಗೆ ಹೇಳುವ ಹಾಗೆ ಸಮಾಧಾನದಿಂದ ಹೇಳಿದ.

"ಮುಂದಿನ ವರ್ಷ ನಾವೆಲ್ಲಿ ಇರ್ತೀವ್ರಿ? ಯುಗಾದಿ ಅಂದ್ರ ಈ ಕೆಲಸ ಮುಗೀತೈತಿ. ಗುತ್ತಿಗೇದಾರ ಎಲ್ಲಿಗೆ ಒಯ್ತಾನೋ ಅಲ್ಲಿಗೆ."

ನಾನು ಆಟೋದ ಕಂಬಿ ಹಿಡಿದುಕೊಂಡೆ. ಮುಂದಿನ ವರ್ಷ ಅಲ್ಲಿ ಇರದ ಜನರಿಗೆ ಹೆದರಿ ಅವರು ಆರು ದೇಶಗಳನ್ನು ಅಳಿಸಿ ಹಾಕಿದ್ದರು.

"ಗೊತ್ತಿತ್ತೇನಪ್ಪ ನಿನಗ? ಮತ್ತ ಯಾಕ ಬರಸಿದಿ?"

"ಆರಸೂ ಪಾಳಿ ನಮ್ದ ಬಂದಿತ್ತಲ್ರಿ" ಎಂದ ಭೀಮರಾಯ. ಗಾರೆ ತೆಗೆದು ಗೋಡೆಗೆ ಬಡಿದ.